ಶಹಾಬಾದ್ ಕಲ್ಲು ಎಷ್ಟು ಕಾಲದಿಂದ ತೆಗೆಯುತ್ತಿದ್ದಾರೆ? ಅಜ್ಜನ ಮನೆ ರಿಪೇರಿ ಮಾಡುವಾಗ ಬಂದ ಪ್ರಶ್ನೆ

ಹಳೇಮನೆ_ಸೇಡಂ:

ಎಲ್ಲರಿಗೂ ನಮಸ್ಕಾರ. ಸೇಡಂ ಹತ್ತಿರದ ಹಳ್ಳಿಯಲ್ಲಿ ನಮ್ಮ ಅಜ್ಜನ ಮನೆ ಇದೆ, ಈಗ ರಿಪೇರಿಗೆ ಕೈ ಹಾಕಿದ್ದೇವೆ. ಎಲ್ಲಿ ನೋಡಿದರೂ ಶಹಾಬಾದ್ ಕಲ್ಲೇ. ನೆಲಕ್ಕೆ ಅದೇ, ಗೋಡೆಗೆ ಅದೇ, ಮಾಳಿಗೆಗೆ ತೊಲೆ ಮೇಲೆ ಹಾಸಿರುವುದೂ ಅದೇ. ಬಚ್ಚಲು, ದನದ ಕೊಟ್ಟಿಗೆ, ಬಾವಿ ಕಟ್ಟೆ ಎಲ್ಲಾ ಅದೇ. ಹಿತ್ತಲಿನ ಕಂಪೌಂಡ್ ಅಂದರೆ ಚಪ್ಪಡಿಗಳನ್ನು ಸಾಲಾಗಿ ನೆಲದಲ್ಲಿ ನೆಟ್ಟಿದ್ದಾರೆ, ಅಷ್ಟೇ.

ಕಂಟ್ರಾಕ್ಟರ್ ಹೇಳುತ್ತಾನೆ, ಇದೆಲ್ಲಾ ಕಿತ್ತು ಬಿಸಾಕಿ, ವಿಟ್ರಿಫೈಡ್ ಟೈಲ್ಸ್ ಹಾಕಿಸಿ, ಮನೆ ಬೆಳಗುತ್ತೆ ಅಂತ. ನನಗೆ ಮನಸ್ಸಿಲ್ಲ. ಬೇಸಿಗೆಯಲ್ಲಿ 43 ಡಿಗ್ರಿ ಬಿಸಿಲಿದ್ದಾಗ ಆ ನೆಲದ ಮೇಲೆ ಬರಿ ಮೈಯಲ್ಲಿ ಮಲಗಿದವರಿಗೆ ಗೊತ್ತು ಅದರ ಬೆಲೆ.

ಪ್ರಶ್ನೆ ಇರೋದು ಬೇರೆ. ಈ ಕಲ್ಲು ತೆಗೆಯೋಕೆ ಶುರು ಮಾಡಿದ್ದು ಯಾವಾಗ? ನಮ್ಮ ಕಾಕಾ ಹೇಳುವ ಪ್ರಕಾರ ನಿಜಾಮನ ಕಾಲದಲ್ಲಿ ರೈಲು ಬಂದ ಮೇಲೆ. ಸೋದರಮಾವ ಒಪ್ಪುವುದಿಲ್ಲ, ಮಳಖೇಡದ ಕೋಟೆ ಯಾವ ಕಲ್ಲಿನದು ಹೋಗಿ ನೋಡು ಅನ್ನುತ್ತಾರೆ. ಊಟಕ್ಕೆ ಕೂತಾಗಲೆಲ್ಲ ಇದೇ ಜಗಳ. ಜೊತೆಗೆ ಇನ್ನೆರಡು ಅನುಮಾನ: ಮಷೀನ್ ಇಲ್ಲದ ಕಾಲದಲ್ಲಿ ಇಷ್ಟು ಸಮನಾಗಿ ಹೇಗೆ ಸೀಳುತ್ತಿದ್ದರು? ಮತ್ತೆ ಅಂಗಡಿಯವರು ತಾಂಡೂರ್ ಕಲ್ಲು, ಕೋಟಾ ಕಲ್ಲು, ಕಡಪ ಕಲ್ಲು ಅಂತ ಏನೇನೋ ತೋರಿಸುತ್ತಾರಲ್ಲ, ಅವೆಲ್ಲ ಇದೇನಾ?

ಪದರಗಲ್ಲು:

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಉಳಿದದ್ದಕ್ಕೂ ಉತ್ತರ ಅಲ್ಲೇ ಇದೆ.

ನಿಮ್ಮದು ಸುಣ್ಣದ ಕಲ್ಲು. ಭೀಮಾ ಕೊಳ್ಳದ ಕಲ್ಲು ಅಂತ ಭೂವಿಜ್ಞಾನದವರು ಕರೆಯುತ್ತಾರೆ. ಭೂವಿಜ್ಞಾನಿ ವಿಲಿಯಂ ಕಿಂಗ್ 1872ರಲ್ಲೇ ಈ ಕಲ್ಲುಗಳಿಗೆ ಭೀಮಾ ಹೆಸರು ಕೊಟ್ಟ. ತಾಳಿಕೋಟೆ ಕಡೆಯಿಂದ ಹಿಡಿದು ಸುರಪುರ, ಯಾದಗಿರಿ, ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ದಾಟಿ ತೆಲಂಗಾಣದ ತಾಂಡೂರಿನವರೆಗೆ ಓರೆಯಾಗಿ ಒಂದು ಪಟ್ಟಿ, ಸುಮಾರು 5,000 ಚದರ ಕಿಲೋಮೀಟರ್. ದಕ್ಷಿಣಕ್ಕೆ ಹೋದರೆ ಗ್ರಾನೈಟ್ ಸಿಗುತ್ತದೆ. ಉತ್ತರಕ್ಕೆ ಕಲಬುರಗಿ ಕಡೆ ಹೋದರೆ ಇದೇ ಸುಣ್ಣದ ಕಲ್ಲು ಡೆಕ್ಕನ್ ಟ್ರ್ಯಾಪ್ ಅನ್ನೋ ಹಳೆ ಲಾವಾ ಪದರದ ಕಪ್ಪು ಕಲ್ಲಿನ ಕೆಳಗೆ ನುಸುಳಿ ಮಾಯವಾಗುತ್ತದೆ. ಹಾಗಾಗಿ ತಾಂಡೂರ್ ಕಲ್ಲು ಮತ್ತು ಶಹಾಬಾದ್ ಕಲ್ಲು ಒಂದೇ ಕುಟುಂಬ. ಗಡಿ ರೇಖೆ ಮಧ್ಯೆ ಬಂದಿದೆ, ಅಷ್ಟೇ. ಬಣ್ಣ ಮಾತ್ರ ಜಾಗದಿಂದ ಜಾಗಕ್ಕೆ, ಎಷ್ಟೋ ಸಲ ಒಂದೇ ಗಣಿಯಲ್ಲಿ ಪದರದಿಂದ ಪದರಕ್ಕೆ ಬದಲಾಗುತ್ತದೆ: ಬೂದಿ, ನೀಲಿ ಬೂದಿ, ಹಳದಿ, ಒಮ್ಮೊಮ್ಮೆ ತಿಳಿ ಗುಲಾಬಿ.

ಕಡಪ ಕಲ್ಲು ಬೇರೆ. ಅದೂ ಸುಣ್ಣದ ಕಲ್ಲೇ, ಆದರೆ ಆಂಧ್ರದ ಬೇರೆ ಕೊಳ್ಳದ್ದು, ಕಪ್ಪಗಿರುತ್ತದೆ. ಬೆಂಗಳೂರಿನ ಹಳೆ ಅಡುಗೆಮನೆಗಳ ಶೆಲ್ಫ್ ಎಲ್ಲಾ ಅದೇ. ಕೋಟಾ ಕಲ್ಲು ರಾಜಸ್ಥಾನದ್ದು, ಅದೂ ಸುಣ್ಣದ ಕಲ್ಲೇ. ಗ್ರಾನೈಟಾ ಸುಣ್ಣದ ಕಲ್ಲಾ ಅನ್ನೋ ಅನುಮಾನ ಬಂದರೆ ಒಡೆದ ಚೂರಿನ ಮೇಲೆ ಸ್ವಲ್ಪ ಟಾಯ್ಲೆಟ್ ಕ್ಲೀನರ್ ಆಸಿಡ್ ಹನಿ ಬಿಡಿ. ಬುಸ್ ಅಂತ ನೊರೆ ಬಂದರೆ ಸುಣ್ಣ. ಹಾಸಿರುವ ನೆಲದ ಮೇಲೆ ಮಾತ್ರ ಈ ಪ್ರಯೋಗ ಬೇಡ, ಕಲೆ ಹೋಗುವುದಿಲ್ಲ.

ಈಗ ಸಮನಾಗಿ ಸೀಳುವ ವಿಷಯ. ಸಮ ಮಾಡಿದ್ದು ಮನುಷ್ಯ ಅಲ್ಲ. ಆಳವಿಲ್ಲದ ಸಮುದ್ರದ ತಳದಲ್ಲಿ ನುಣ್ಣನೆಯ ಸುಣ್ಣದ ಕೆಸರು ಕೂತು ಕೂತು ಗಟ್ಟಿಯಾದ ಕಲ್ಲು ಇದು, ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕೂ ಮೊದಲಿನದು. ಹಾಗಾಗಿ ಇದರಲ್ಲಿ ಶಂಖ, ಕಪ್ಪೆಚಿಪ್ಪು ಹುಡುಕಬೇಡಿ, ಸಿಗಲ್ಲ. ಕೆಸರು ಕೂರುವಾಗ ನಡುನಡುವೆ ತೆಳ್ಳಗೆ ಜೇಡಿ ಮಣ್ಣಿನ ಪರದೆ ಬಂದಿದೆ. ಅಲ್ಲೇ ಬಿಡುವುದು. ಬುಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟ ಜೋಳದ ರೊಟ್ಟಿ ಎತ್ತಿದ ಹಾಗೆ ಎತ್ತಬಹುದು. ಜೊತೆಗೆ ಮೇಲಿಂದ ಕೆಳಕ್ಕೆ ಇಳಿಯುವ ನೇರ ಬಿರುಕುಗಳೂ ಇರುತ್ತವೆ. ಅಡ್ಡಕ್ಕೆ ಪದರ, ಉದ್ದಕ್ಕೆ ಬಿರುಕು. ಅರ್ಧ ಕೆಲಸ ನೆಲದೊಳಗೇ ಮುಗಿದಿರುತ್ತದೆ. ಇತಿಹಾಸದ ಪ್ರಶ್ನೆಗೆ ಉತ್ತರಿಸುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ ಅಂತ ವಿನಂತಿ.

ಭೀಮಾತೀರ:

ಕಾಕಾ, ಸೋದರಮಾವ ಇಬ್ಬರಿಗೂ ಹೇಳಿಬಿಡಿ, ಇಬ್ಬರೂ ತುಂಬಾ ಹತ್ತಿರದ ಕಾಲ ಹೇಳುತ್ತಿದ್ದಾರೆ :)

ಸುರಪುರದ ಕಡೆ ಹುಣಸಗಿ ಅಂತ ಊರಿದೆ, ಈಗ ಯಾದಗಿರಿ ಜಿಲ್ಲೆ. ಅಲ್ಲಿ ಇಸಾಂಪುರ ಅನ್ನೋ ಹಳ್ಳಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ವರ್ಷಗಟ್ಟಲೆ ಓಡಾಡಿ ಆದಿಮಾನವರ ನೆಲೆಗಳನ್ನು ಗುರುತಿಸಿದರು. 1990ರ ದಶಕದ ಕೊನೆಯಲ್ಲಿ ಇಸಾಂಪುರದಲ್ಲಿ ಅಗೆದಾಗ ಸಿಕ್ಕಿದ್ದು ಹಳೆ ಶಿಲಾಯುಗದ ಒಂದು ಕಲ್ಲುಗಣಿ. ಗಣಿಯೇ, ಸುಮ್ನೆ ಉತ್ಪ್ರೇಕ್ಷೆ ಅಲ್ಲ. ಅಲ್ಲಿ ಸುಣ್ಣದ ಕಲ್ಲಿನ ಪದರ ನೆಲದ ಮೇಲೇ ಬಿರುಕು ಬಿಟ್ಟು ಚೌಕಾಕಾರದ ತುಂಡುಗಳಾಗಿ ನಿಂತಿತ್ತು. ಅವರು ಬೇಕಾದ ಗಾತ್ರದ್ದನ್ನು ಆರಿಸಿ, ಎಬ್ಬಿಸಿ, ಅಲ್ಲೇ ಕೂತು ಗಟ್ಟಿ ಕಲ್ಲಿನಿಂದ ಹೊಡೆದು ಕೈಗೊಡಲಿ ಮಾಡಿದ್ದಾರೆ. ಹೊಡೆಯೋಕೆ ಬಳಸಿದ ಸುತ್ತಿಗೆ ಕಲ್ಲು, ಹೊಡೆದಾಗ ಹಾರಿದ ಚಕ್ಕೆ, ಅರ್ಧ ಮಾಡಿ ಬಿಟ್ಟ ತುಂಡು, ಎಲ್ಲಾ ಬಿದ್ದಲ್ಲೇ ಇದ್ದವು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳ ಮೇಲೆ ಮಾಡಿದ ಕಾಲಮಾಪನದಲ್ಲಿ ಸುಮಾರು 12 ಲಕ್ಷ ವರ್ಷ ಅಂತ ಬಂದಿದೆ. ಲಕ್ಷ. ಇವರು ನಮ್ಮಂಥ ಮನುಷ್ಯರು ಕೂಡ ಅಲ್ಲ, ನಮಗಿಂತ ಹಿಂದಿನವರು. ಪದರಗಲ್ಲು ಅವರು ಹೇಳಿದ ಆ ಬಿರುಕು ಮತ್ತು ಪದರವೇ ಅವರನ್ನೂ ಅಲ್ಲಿಗೆ ಕರೆತಂದದ್ದು.

ಮುಂದಿನದು ಸನ್ನತಿ. ಚಿತ್ತಾಪುರ ಸೀಮೆ, ಭೀಮಾ ದಂಡೆ. ಪಕ್ಕದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಇಲಾಖೆ 1990ರ ದಶಕದಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಹೊರಬಂತು. ಸುತ್ತ ಹೊದಿಸಿದ ಫಲಕಗಳೆಲ್ಲ ಇದೇ ಊರಿನ ಸುಣ್ಣದ ಕಲ್ಲು. ಒಂದು ಫಲಕದಲ್ಲಿ ರಾಣಿ ಮತ್ತು ಪರಿವಾರದ ಜೊತೆ ರಾಜ ನಿಂತಿದ್ದಾನೆ, ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕ’ ಅಂತ ಕೆತ್ತಿದ್ದಾರೆ. ಅಶೋಕನ ಹೆಸರು ಬರೆದಿರುವ ಅವನ ಚಿತ್ರ ಅಂತ ಇಡೀ ದೇಶದವರು ತೋರಿಸುವುದು ಇದನ್ನೇ. ಶಾತವಾಹನ ರಾಜರ ಫಲಕಗಳೂ ಇವೆ, ಅವಕ್ಕೂ ಹೆಸರು ಕೆತ್ತಿದ್ದಾರೆ. ಅಂದರೆ ಎರಡು ಸಾವಿರ ವರ್ಷದ ಹಿಂದೆಯೇ ಈ ಕಲ್ಲನ್ನು ಆಳೆತ್ತರದ ಹಲಗೆಯಾಗಿ ಎಬ್ಬಿಸಿ, ಮುರಿಯದೆ ಸಾಗಿಸಿ, ಅದರ ಮೇಲೆ ಬೆರಳು, ಬಳೆ, ಸೀರೆಯ ನೆರಿಗೆ ಕಾಣುವಷ್ಟು ನಯವಾಗಿ ಕೆತ್ತುವ ಜನ ಇಲ್ಲಿದ್ದರು. ನುಣುಪು ಕಣದ ಕಲ್ಲು ಬೇರೆ, ಉಳಿಗೆ ಒಗ್ಗುತ್ತದೆ. ಗ್ರಾನೈಟಿನಲ್ಲಿ ಇದೇ ಕೆಲಸ ಮಾಡೋಕೆ ಹೋಗಿದ್ದರೆ ಕಥೆಯೇ ಬೇರೆ. ಅಮರಾವತಿ ಸ್ತೂಪದ್ದೂ ಸುಣ್ಣದ ಕಲ್ಲೇ, ಜನ ಅಮೃತಶಿಲೆ ಅಂದುಕೊಳ್ಳುತ್ತಾರೆ.

ಸೋದರಮಾವನ ಮಳಖೇಡಕ್ಕೆ ಬರೋಣ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಕಾಗಿಣಾ ದಂಡೆ, 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಆಳಿದ ಊರು. ಕೋಟೆ ಗೋಡೆ ಈ ಕಲ್ಲಿನದೇ, ಅನುಮಾನವಿಲ್ಲ. ಆದರೆ ಈಗ ಕಾಣುವ ಗೋಡೆಯೆಲ್ಲ ರಾಷ್ಟ್ರಕೂಟರದ್ದೇ ಅಂತ ಹೇಳುವ ಹಾಗಿಲ್ಲ. ಆಮೇಲೆ ಬಂದವರೂ ಕಟ್ಟಿದ್ದಾರೆ, ರಿಪೇರಿ ಮಾಡಿದ್ದಾರೆ. ಮಾವನಿಗೆ ಮುಕ್ಕಾಲು ಅಂಕ.

ಕಾಕಾ ಹೇಳಿದ್ದರಲ್ಲೂ ಸತ್ಯ ಇದೆ. ಮುಂಬೈ ಕಡೆಯ ರೈಲು ಮಾರ್ಗ ಸೊಲ್ಲಾಪುರ ದಾಟಿ ರಾಯಚೂರು ಮುಟ್ಟಿದ್ದು 1871ರಲ್ಲಿ. ವಾಡಿಯಿಂದ ಹೈದರಾಬಾದ್ ಕಡೆಗೆ ನಿಜಾಮರ ರೈಲು 1874ರಲ್ಲಿ. ಅಲ್ಲಿಯವರೆಗೆ ಈ ಕಲ್ಲು ಎತ್ತಿನ ಗಾಡಿ ಹೋಗುವಷ್ಟು ದೂರ ಹೋಗುತ್ತಿತ್ತು. ಕಲ್ಲಿನ ಬೆಲೆಗಿಂತ ಸಾಗಾಣಿಕೆಯ ಬೆಲೆ ಜಾಸ್ತಿ ಅಲ್ವಾ. ಶಹಾಬಾದ್ ರೈಲು ಹಾದಿಯಲ್ಲೇ ಇದ್ದ ಊರು. ಹಾಗಾಗಿ ಇಡೀ ಪಟ್ಟಿಯ ಕಲ್ಲಿಗೆ ಅದರ ಹೆಸರೇ ಅಂಟಿಕೊಂಡಿತು. ಇಲ್ಲವಾದರೆ ನಿಮ್ಮೂರಿನ ಹಿಂದಿನ ಗುಂಡಿಯಲ್ಲಿ ತೆಗೆದ ಕಲ್ಲನ್ನು ಯಾಕೆ ಶಹಾಬಾದ್ ಕಲ್ಲು ಅನ್ನಬೇಕು?

ಉಳಿ_ಸುತ್ತಿಗೆ:

ಮೇಲಿನವರು ಓದಿ ಬರೆದಿದ್ದಾರೆ. ನಾನು ಖಣಿಯಲ್ಲಿ ಬೆಳೆದವನು, ನಮ್ಮಪ್ಪ ಚಿತ್ತಾಪುರ ಕಡೆ ಖಣಿಯಲ್ಲಿ ಫರಸಿ (ಹಾಸುಗಲ್ಲು) ಎಬ್ಬಿಸುತ್ತಿದ್ದರು. ನಾನೂ ಶಾಲೆ ರಜೆಯಲ್ಲಿ ಇಳಿದಿದ್ದೇನೆ.

ಮೊದಲು ಮೇಲಿನ ಕರಿಮಣ್ಣು ತೆಗೆಯಬೇಕು. ಕೆಲವು ಕಡೆ ಮೊಣಕಾಲುದ್ದ, ಕೆಲವು ಕಡೆ ಎರಡಾಳು. ಮಣ್ಣಿನ ಕೆಳಗೆ ಸಿಗುವ ಮೊದಲ ಪದರಗಳು ಕೆಲಸಕ್ಕೆ ಬರಲ್ಲ, ಬಿಸಿಲು ನೀರಿಗೆ ಸತ್ತಿರುತ್ತವೆ, ಹೊಡೆದರೆ ಪುಡಿ. ಅದನ್ನೆಲ್ಲ ಬದಿಗೆ ಹಾಕಿದ ಮೇಲೆ ಜೀವ ಇರುವ ಕಲ್ಲು. ಆಮೇಲೆ ಪದರ ನೋಡಬೇಕು. ಒಂದು ಇಂಚಿನದು, ಒಂದೂವರೆ, ಎರಡು, ನಾಲ್ಕೈದು ಇಂಚಿನದೂ ಇರುತ್ತದೆ. ತೆಳ್ಳಗಿನದು ನೆಲಕ್ಕೆ, ದಪ್ಪದ್ದು ಮಾಳಿಗೆಗೆ, ಮೆಟ್ಟಿಲಿಗೆ, ಚರಂಡಿ ಮುಚ್ಚೋಕೆ.

ಅಪ್ಪ ಮೊದಲು ಬಟ್ಟೆಯಿಂದ ಧೂಳು ಒರೆಸಿ, ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟುತ್ತಾ ಹೋಗುತ್ತಿದ್ದರು. ಠಣ್ ಅಂದರೆ ಒಳ್ಳೆ ಕಲ್ಲು. ಡಬ್ ಅಂದರೆ ಒಳಗೆ ಸೀಳು ಇದೆ, ಅಥವಾ ಕೆಳಗಿನ ಪದರ ಆಗಲೇ ಬಿಟ್ಟಿದೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಗೊತ್ತಾಗುತ್ತದೆ. ಆಮೇಲೆ ದಾರ ಹಿಡಿದು ಗೆರೆ ಹಾಕುವುದು, ಗೆರೆ ಮೇಲೆ ಉಳಿಯಿಂದ ಬಿಡದೆ ಸಣ್ಣ ಸಣ್ಣ ಪೆಟ್ಟು. ಜೋರು ಮಾಡಬಾರದು. ಜೋರು ಮಾಡಿದರೆ ಕಲ್ಲು ತನಗೆ ಬೇಕಾದ ಕಡೆ ಒಡೆಯುತ್ತದೆ. ಗೆರೆ ಪೂರ್ತಿ ಆದ ಮೇಲೆ ಬದಿಯಿಂದ ಪದರದ ಸಂದಿಗೆ ತೆಳು ಉಳಿ ಇಟ್ಟು, ಒಂದೇ ಕಡೆ ಅಲ್ಲ, ನಾಲ್ಕಾರು ಕಡೆ ಸರದಿ ಮೇಲೆ ಹೊಡೆಯುತ್ತಾ ಬರಬೇಕು. ಸದ್ದು ಬದಲಾಗುತ್ತದೆ. ಆಗ ಹಾರೆ ತೂರಿಸಿ ಎತ್ತಿದರೆ ಇಡೀ ಹಲಗೆ ಎದ್ದು ಬರುತ್ತದೆ. ಮದ್ದು ಸಿಡಿಸುವ ಮಾತೇ ಇಲ್ಲ, ಸಿಡಿಸಿದರೆ ಫರಸಿ ಅಲ್ಲ ಜಲ್ಲಿ ಸಿಗುತ್ತದೆ.

ಮ್ಯಾಲೆ ಹೊರುವ ಕೆಲಸ ಹೆಂಗಸರದ್ದು ಜಾಸ್ತಿ. ತಲೆ ಮೇಲೆ ಸಿಂಬೆ, ಅದರ ಮೇಲೆ ಕಲ್ಲು, ಕಲ್ಲಿನದೇ ಮೆಟ್ಟಿಲು ಹತ್ತಬೇಕು. ಕೂಲಿ ಮಾತ್ರ ಗಂಡಸರಿಗಿಂತ ಕಮ್ಮಿ. ಕಲ್ಲಿನ ಕಥೆ ಹೇಳುವವರು ಇದನ್ನು ಯಾವಾಗಲೂ ಬಿಟ್ಟುಬಿಡುತ್ತಾರೆ, ಅದಕ್ಕೆ ಬರೆದೆ.

ಹಳೇಮನೆ ಅವರೇ, ನಿಮ್ಮ ನೆಲದ ಕಲ್ಲು ಯಾವ ಕಾಲದ್ದು ಅಂತ ಅಂದಾಜು ಬೇಕಿದ್ದರೆ ಒಂದು ಕಲ್ಲು ಎಬ್ಬಿಸಿ ಅಂಚು ನೋಡಿ. ಗರಗಸದ ಮಷೀನಿನಲ್ಲಿ ಕತ್ತರಿಸಿದ್ದರೆ ಅಂಚು ಕನ್ನಡಿಯಷ್ಟು ನೇರ, ಗೆರೆ ಗೆರೆ ಕಾಣುತ್ತದೆ. ಕೈ ಕೆಲಸದ್ದಾದರೆ ಅಂಚು ಒಳಗೆ ವಾರೆ ಇರುತ್ತದೆ, ಮೇಲ್ಮೈ ಕಡೆ ಅಗಲ, ಅಡಿಗೆ ಕಮ್ಮಿ. ಉಳಿಯ ಹಲ್ಲು ಒಂದೊಂದೂ ಎಣಿಸಬಹುದು. ಹಾಗೆ ವಾರೆ ಮಾಡಿದರೆ ಮೇಲೆ ಸಂದಿ ಕಿರಿದಾಗುತ್ತದೆ, ಕೆಳಗೆ ಗಾರೆ ಹಿಡಿಯೋಕೆ ಜಾಗ ಸಿಗುತ್ತದೆ.

ಹಳೇಮನೆ_ಸೇಡಂ:

ಅಬ್ಬಾ, ಇಷ್ಟೆಲ್ಲ ಬರುತ್ತದೆ ಅಂದುಕೊಂಡಿರಲಿಲ್ಲ. 12 ಲಕ್ಷ ವರ್ಷ ಅಂದಾಗ ಕಾಕಾ ಮಾತೇ ಆಡಲಿಲ್ಲ, ಮಾವ ಮಾತ್ರ ಮುಕ್ಕಾಲು ಅಂಕಕ್ಕೆ ಒಪ್ಪುತ್ತಿಲ್ಲ.

ಪಡಸಾಲೆಯ ಮೂಲೆಯಲ್ಲಿ ಒಂದು ಕಲ್ಲು ಎಬ್ಬಿಸಿ ನೋಡಿದೆವು. ಅಂಚು ವಾರೆಯೇ, ಉಳಿ ಗುರುತು ಚೆನ್ನಾಗಿ ಕಾಣುತ್ತದೆ. ಅಡಿಭಾಗ ಒರಟು, ಮೇಲ್ಭಾಗ ಕಾಲು ತಿಕ್ಕಿ ತಿಕ್ಕಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಆದರೆ ಅಡುಗೆಮನೆಯದ್ದು ಮಷೀನ್ ಅಂಚು, ಅದನ್ನು ಆಮೇಲೆ ಹಾಕಿಸಿರಬೇಕು. ಸಂದಿಯಲ್ಲಿ ಬಿಳಿ ಗಾರೆ ಇದೆ, ಸಿಮೆಂಟ್ ಅಲ್ಲ. ಆ ಸುಣ್ಣವೂ ಇದೇ ಕಲ್ಲಿನದಾ?

ಗಾರೆಗಾಣ:

ಇರಬಹುದು, ಕಂಕರಿನದೂ ಇರಬಹುದು. ಕರಿಮಣ್ಣಿನ ಹೊಲದಲ್ಲಿ ಬಿಳಿ ಗಂಟು ಗಂಟಾಗಿ ಸುಣ್ಣದ ಹರಳು ಸಿಗುತ್ತದಲ್ಲ, ಅದನ್ನೂ ಭಟ್ಟಿಗೆ ಹಾಕುತ್ತಿದ್ದರು. ಎರಡನ್ನೂ ಸುಡುವ ವಿಧಾನ ಒಂದೇ. ಗೂಡಿನಲ್ಲಿ ಕಟ್ಟಿಗೆ ಅಥವಾ ಇದ್ದಿಲು ಒಂದು ಪದರ, ಕಲ್ಲು ಒಂದು ಪದರ. 900 ಡಿಗ್ರಿ ಹತ್ತಿರ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅದನ್ನು ಮರಳು, ಇಟ್ಟಿಗೆ ಪುಡಿ ಜೊತೆ ಎತ್ತಿನ ಗಾಣದಲ್ಲಿ ಅರೆಯುತ್ತಿದ್ದರು, ಬೆಲ್ಲದ ನೀರು, ಅಳಲೆಕಾಯಿ ರಸ ಸೇರಿಸುವುದೂ ಇತ್ತು. ಗೋಡೆಗೆ ಹೋದ ಮೇಲೆ ಗಾಳಿಯಿಂದ ಅದೇ ಅನಿಲ ವಾಪಸ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಕಲ್ಲಿನಲ್ಲಿ ಜೇಡಿ ಅಂಶ ಇದ್ದರೆ ಒದ್ದೆಯಲ್ಲೂ ಗಟ್ಟಿಯಾಗುವ ಗಾರೆ ಸಿಗುತ್ತದೆ. ಕೆಆರ್‌ಎಸ್ ಅಣೆಕಟ್ಟೆ ಕಟ್ಟಿದ್ದು ಸುರ್ಕಿ ಗಾರೆಯಲ್ಲಿ (ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ್ದು), ಗೊತ್ತಲ್ಲ.

ಇದರ ಮುಂದಿನ ಹೆಜ್ಜೆಯೇ ಸಿಮೆಂಟ್. ಸುಣ್ಣದ ಕಲ್ಲಿಗೆ ಜೇಡಿ ಸೇರಿಸಿ 1,450 ಡಿಗ್ರಿಗೆ ಸುಡುವುದು. ಶಹಾಬಾದಿನಲ್ಲಿ ನಿಜಾಮರ ಕಾಲದಲ್ಲೇ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹಲವು ಸಿಮೆಂಟ್ ಕಂಪನಿ ಕೂಡಿ ಎಸಿಸಿ ಅನ್ನೋ ಒಂದೇ ಕಂಪನಿ ಆದಾಗ ಶಹಾಬಾದ್ ಕಂಪನಿಯೂ ಅದರಲ್ಲಿ ಸೇರಿತು. ಆಮೇಲೆ ವಾಡಿ, ಮಳಖೇಡ, ಸೇಡಂ ಅಂತ ಸಾಲಾಗಿ ಬಂದವು. ನಿಮ್ಮ ಊರಿನವರಿಗೆ ಆ ಚಿಮಣಿಗಳನ್ನು ನಾನು ಪರಿಚಯ ಮಾಡಿಸಬೇಕಾಗಿಲ್ಲ.

ತೊಗರಿಹೊಲ:

ಎಲ್ಲರೂ ಕಲ್ಲನ್ನು ಹೊಗಳಿ ಆಯಿತು, ಗುಂಡಿ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಹೊಲದ ಪಕ್ಕದ ಜಮೀನನ್ನು ಒಬ್ಬ ಗುತ್ತಿಗೆದಾರ ಹಿಡಿದು, ಒಳ್ಳೆ ಪದರ ಇರುವ ತನಕ ತೆಗೆದು, ಆಮೇಲೆ ಹಾಗೇ ಬಿಟ್ಟು ಹೋದ. ಬೇಲಿ ಇಲ್ಲ, ಬೋರ್ಡ್ ಇಲ್ಲ. ಮಳೆಗಾಲದಲ್ಲಿ ತುಂಬಿ ನಿಲ್ಲುತ್ತದೆ. ನಮ್ಮ ಎಮ್ಮೆ ಬಿದ್ದು ಸತ್ತಿತು. ಈಜೋಕೆ ಹೋಗುವ ಹುಡುಗರನ್ನು ಬೈದು ಬೈದು ಓಡಿಸುವುದೇ ಒಂದು ಕೆಲಸ. ಬದಿಯಲ್ಲಿ ಒಡಕು ಕಲ್ಲಿನ ಗುಡ್ಡ. ಒಂದು ಒಳ್ಳೆ ಫರಸಿ ಎಬ್ಬಿಸುವಾಗ ಎಷ್ಟು ರದ್ದಿ ಬೀಳುತ್ತದೆ ಅಂತ ಖಣಿ ಅಂಚಿಗೆ ಬಂದು ನಿಂತರೆ ತಿಳಿಯುತ್ತದೆ.

ಇನ್ನೊಂದು. ಇದೇ ಕಲ್ಲು ಚಪ್ಪಡಿಯಾಗಿ ಹೋದರೆ ರಾಜ್ಯದ ಉಪಖನಿಜ ನಿಯಮ, ಸಿಮೆಂಟಿಗೆ ಹೋದರೆ ಕೇಂದ್ರದ ಪ್ರಧಾನ ಖನಿಜ. ಸಿಮೆಂಟಿನವರಿಗೆ ಸಾವಿರಾರು ಎಕರೆ ಒಟ್ಟಿಗೆ ಬೇಕು, ದೊಡ್ಡ ಯಂತ್ರ, ಸಿಡಿಮದ್ದು. ಫರಸಿಯವನಿಗೆ ಒಂದೆರಡು ಎಕರೆ, ನಾಲ್ಕು ಜನ. ಮಧ್ಯೆ ಟೈಲ್ಸ್ ಬಂದು ಬೇಡಿಕೆ ಬಿತ್ತು. ಕಲ್ಲು ಖಾಲಿಯಾಗಿ ಖಣಿ ಮುಚ್ಚಿದ್ದಲ್ಲ, ಕೊಳ್ಳುವವರು ಕಮ್ಮಿಯಾಗಿ ಮುಚ್ಚಿದ್ದು.

ಉಳಿ_ಸುತ್ತಿಗೆ:

@ತೊಗರಿಹೊಲ ನಿಮ್ಮ ಮಾತು ಖರೆ. ಗುಂಡಿ ಮುಚ್ಚಬೇಕು ಅಂತ ಕಾಗದದಲ್ಲಿ ಇರುತ್ತದೆ, ಮುಚ್ಚಿದ್ದು ನಾನಂತೂ ಕಂಡಿಲ್ಲ. ಕೆಲವು ಕಡೆ ನೀರು ನಿಂತ ಖಣಿಯಿಂದ ಹೊಲಕ್ಕೆ ನೀರು ಎತ್ತುತ್ತಾರೆ, ಅಷ್ಟಾದರೂ ಉಪಯೋಗ. ಆದರೆ ಬೇಡಿಕೆ ಬಿದ್ದದ್ದಕ್ಕೆ ಟೈಲ್ಸ್ ಮೇಲೆ ಮಾತ್ರ ಹಾಕಬೇಡಿ. ಪಾಲಿಶ್ ಮಷೀನ್ ಬಂದ ಮೇಲೆ ದಪ್ಪ ಒಂದೇ ಸಮ ಇರಬೇಕು ಅಂತ ಕೇಳೋಕೆ ಶುರುವಾಯಿತು, ಕೈಯಲ್ಲಿ ಎಬ್ಬಿಸಿದ ಕಲ್ಲಿಗೆ ಆ ಲೆಕ್ಕ ಹೊಂದಲ್ಲ. ದುಡ್ಡಿದ್ದವರು ಮಷೀನ್ ಹಾಕಿಸಿದರು, ಉಳಿದವರು ಪುಣೆ, ಮುಂಬೈಗೆ ಕಟ್ಟಡ ಕೆಲಸಕ್ಕೆ ಹೋದರು. ನಮ್ಮ ಅಣ್ಣನೂ ಹೋದ.

ಪದರಗಲ್ಲು:

ಹಳೇಮನೆ ಅವರೇ, ಮನೆಗೆ ಬರೋಣ. ಕಿತ್ತು ಹಾಕಬೇಡಿ. ಹಳೆ ಕೈ ಕೆಲಸದ ಫರಸಿ ಗಟ್ಟಿ ಇದ್ದರೆ ಇನ್ನೂ ಎಷ್ಟೋ ಕಾಲ ಬರುತ್ತದೆ. ಎಬ್ಬಿಸುವ ಮೊದಲು ಒಂದೊಂದು ಕಲ್ಲಿಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದು ಫೋಟೋ ತೆಗೆದಿಟ್ಟುಕೊಳ್ಳಿ. ಕೈಯಲ್ಲಿ ಕಡಿದ ಕಲ್ಲು ಒಂದರಷ್ಟು ಇನ್ನೊಂದು ಇರಲ್ಲ, ಅದಲು ಬದಲಾದರೆ ಸಂದಿ ಕೂರುವುದಿಲ್ಲ. ವಾಪಸ್ ಹಾಸುವಾಗ ಸುಣ್ಣದ ಗಾರೆಯೇ ಬಳಸಿ. ಬರೀ ಸಿಮೆಂಟ್ ಹಾಕಿದರೆ ಮುಂದೆ ಎಬ್ಬಿಸುವಾಗ ಕಲ್ಲೇ ಒಡೆಯುತ್ತದೆ. ಬಚ್ಚಲಲ್ಲಿ ಆಸಿಡ್ ಬೇಡ, ಹುಣಸೆಹಣ್ಣು, ನಿಂಬೆ ರಸ ಬಿದ್ದರೆ ತಕ್ಷಣ ತೊಳೆಯಿರಿ, ಇಲ್ಲದಿದ್ದರೆ ಹೊಳಪು ಹೋಗಿ ಬಿಳಿ ಮಚ್ಚೆ ಬೀಳುತ್ತದೆ. ಮಾಳಿಗೆಯ ಕಲ್ಲುಗಳನ್ನು ಒಂದೊಂದಾಗಿ ತಟ್ಟಿ ನೋಡಿ, ಡಬ್ ಅನ್ನುವುದನ್ನು ಮಾತ್ರ ಬದಲಾಯಿಸಿ. ತೊಲೆಗೆ ಗೆದ್ದಲು ಹಿಡಿದಿದೆಯಾ ಅಂತಲೂ ನೋಡಬೇಕು, ಕಲ್ಲಿಗಿಂತ ಅದೇ ಮೊದಲು ಕೈ ಕೊಡುವುದು.

ಹಳೇಮನೆ_ಸೇಡಂ:

ಕಂಟ್ರಾಕ್ಟರ್‌ಗೆ ಬೇಡ ಅಂತ ಹೇಳಿಯಾಯಿತು. ಸೇಡಂ ಕಡೆ ಸುಣ್ಣದ ಗಾರೆ ಕೆಲಸ ಗೊತ್ತಿರುವ ಮೇಸ್ತ್ರಿ ಯಾರಾದರೂ ಇದ್ದರೆ ಮೆಸೇಜ್ ಮಾಡಿ. ಮಾಳಿಗೆಯಲ್ಲಿ ಮೂರು ಕಲ್ಲು ಡಬ್ ಅಂದಿವೆ.